ಮುಖಕ್ಕೊಂದು ಅಳತೆಗೋಲು

ಮೊನ್ನೆ ನನ್ನ ತಂಗಿಯ ಮಗಳು ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದಾರೆ. "ಏನಾಯಿತೇ?" ಎಂದರೆ ಮೊಬೈಲು ಮುಂದೆ ಹಿಡಿದಳು. ಅದರಲ್ಲಿನ ಯಾವುದೋ ಆ್ಯಪ್ ಅವಳ ಮುಖವನ್ನು 'ಸುವರ್ಣಾನುಪಾತ'ದಿಂದ ಅಳೆದು ನೂರಕ್ಕೆ 71 ಅಂಕ ಕೊಟ್ಟಿತ್ತು. ಮೂಗು ಅಗಲವಂತೆ! ಶಸ್ತ್ರಚಿಕಿತ್ಸೆಗೆ ಖರ್ಚೆಷ್ಟೆಂದು ವಿಚಾರಿಸಿಯೂ ಆಗಿತ್ತು.

ಸೋದರಿಯರೇ, ಈ ಸುವರ್ಣಾನುಪಾತ ಕಷ್ಟದ ಲೆಕ್ಕವೇನಲ್ಲ. ಒಂದು ದಾರವನ್ನು ಎರಡು ತುಂಡು ಮಾಡಿ. ಇಡೀ ದಾರವು ದೊಡ್ಡ ತುಂಡಿನ ಎಷ್ಟು ಪಟ್ಟೋ, ದೊಡ್ಡ ತುಂಡು ಚಿಕ್ಕದರ ಅಷ್ಟೇ ಪಟ್ಟು ಇರಬೇಕು. ಆ ಪಟ್ಟು ಸುಮಾರು 1.618. ಗ್ರೀಕರ ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆ ಇದನ್ನು ವಿವರಿಸಿದ್ದು ರೇಖಾಗಣಿತಕ್ಕಾಗಿ, ವಧುಪರೀಕ್ಷೆಗಲ್ಲ. ಮನುಷ್ಯದೇಹದ ಚೆಲುವಿಗೂ ಇದೇ ಸೂತ್ರವೆಂದು ಸಾರಿದವನು ಜರ್ಮನಿಯ ಝೈಸಿಂಗ್, 1854ರಲ್ಲಿ. ಮುಂದೆ ಅಮೆರಿಕದ ಮಾರ್ಕ್ವಾರ್ಟ್ ಎಂಬ ವೈದ್ಯರು ಇದನ್ನೇ ಹಿಡಿದು ಆದರ್ಶ ಮುಖದ ನಕ್ಷೆಯೊಂದನ್ನು ರಚಿಸಿದರು.

ಅಳತೆ ನಮ್ಮಲ್ಲಿಯೂ ಇತ್ತು. ವರಾಹಮಿಹಿರನ ಬೃಹತ್ಸಂಹಿತೆಯಂತೆ ಪ್ರತಿಮೆಯ ಮುಖ 12 ಅಂಗುಲ; ಹಣೆ, ಮೂಗು, ಗದ್ದ ತಲಾ 4. ಆದರೆ ನಗ್ನಜಿತನ ಮತದಲ್ಲಿ ಮುಖದ ಉದ್ದ 14 ಅಂಗುಲ, ಅದು ದ್ರಾವಿಡರ ಅಳತೆ, ಎಂದೂ ಅವನೇ ಹೇಳುತ್ತಾನೆ. ದೇವರ ಮುಖಕ್ಕೇ ಎರಡು ಮತ!

2010ರಲ್ಲಿ ಅಮೆರಿಕ, ಕೆನಡಾಗಳ ಸಂಶೋಧಕರು ಒಂದೇ ಮುಖದ ಅಂತರಗಳನ್ನು ಹಿಗ್ಗಿಸಿ ಕುಗ್ಗಿಸಿ ಜನರಿಗೆ ತೋರಿಸಿದರು. ಕಣ್ಣಿನಿಂದ ಬಾಯಿಗಿರುವ ದೂರ ಮುಖದ ಉದ್ದದಲ್ಲಿ ನೂರಕ್ಕೆ 36, ಕಣ್ಣುಗಳ ನಡುವಣ ದೂರ ಅಗಲದಲ್ಲಿ ನೂರಕ್ಕೆ 46 ಪಾಲಿದ್ದಾಗ ಮೆಚ್ಚುಗೆ ಹೆಚ್ಚು. ಇದು 1.618ರ ಲೆಕ್ಕವಲ್ಲ, ಸರಾಸರಿ ಮುಖದ ಲೆಕ್ಕ.

ಇಷ್ಟು ಹೇಳಿದರೂ ಹುಡುಗಿ ಒಪ್ಪಲಿಲ್ಲ. ಅವಳನ್ನು ಗೋಡೆಯ ಬಳಿ ನಿಲ್ಲಿಸಿ, ಕೋಣೆಯ ಆಚೆ ತುದಿಯಿಂದ ನಾನೇ ಚಿತ್ರ ತೆಗೆದೆ. ಈ ಸಲ 80 ಅಂಕ! ಕೈಯಳತೆಯಲ್ಲಿ ಹಿಡಿದು ತೆಗೆದುಕೊಂಡರೆ ಕ್ಯಾಮರಾಕ್ಕೆ ಮೂಗು ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣದೆ ಇನ್ನೇನು? ಹತ್ತು ಹೆಜ್ಜೆ ಹಿಂದೆ ಸರಿದರೆ ಬದಲಾಗುವ ಅಂಕವನ್ನು ನಂಬಿ ಮೂಗು ಕೊಯ್ಸಿಕೊಳ್ಳುವುದೇ?

ಆ ಮೂಗು ನಮ್ಮ ತಾಯಿಯದು. ಊರಿನಿಂದ ತಂದ ಪಾತ್ರೆಪಡಗಗಳಲ್ಲಿ ಈಗ ಉಳಿದಿರುವುದು ಒಂದೋ ಎರಡೋ. ಮೂಗು ಮಾತ್ರ ಮೊಮ್ಮಗಳವರೆಗೂ ಬಂದಿದೆ. ಅದಕ್ಕೊಪ್ಪುವ ಮೂಗುಬೊಟ್ಟು ನನ್ನ ಪೆಟ್ಟಿಗೆಯಲ್ಲಿತ್ತು, ತೆಗೆದುಕೊಟ್ಟೆ.

ಶಸ್ತ್ರಚಿಕಿತ್ಸೆಗೆ ಸಿದ್ಧಳಾಗಿದ್ದವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚುಚ್ಚಿಸಿದರೆ ತುಂಬಾ ನೋಯುತ್ತದೆಯೇ ದೊಡ್ಡಮ್ಮ?" ಎಂದಳು.