ಹಳೆಯ ಆಟಕ್ಕೆ ದೊರೆತ ಭಾಗ್ಯ ಹಳೆಯ ಖಾತೆಗೂ ದೊರೆಯಲಿ

1990ರ ದಶಕದಲ್ಲಿ ಗಣಕಯಂತ್ರ ಕಲಿತ ತಲೆಮಾರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಪರಿಚಯ ಹೇಳಬೇಕಾಗಿಲ್ಲ. 1990ರಲ್ಲಿ ಡಾಸ್ ವ್ಯವಸ್ಥೆಗೆ ಬಂದ ಆ ಆಟವನ್ನು ಇಂದಿನ ಹೊಸ ಯಂತ್ರದಲ್ಲಿ ತೆರೆಯಹೊರಟರೆ, ಅದು ಇಲ್ಲಿ ನಡೆಯದು ಎಂಬ ಸೂಚನೆಯಷ್ಟೇ ಪರದೆಯ ಮೇಲೆ ಮೂಡುತ್ತದೆ. ಆಟ ನಿಂತರೆ ವ್ಯಾಪಾರಕ್ಕೇನೂ ನಷ್ಟವಿಲ್ಲ. ಆದರೆ ಮಾಲೂರಿನ ಹೆಂಚಿನ ಕಾರ್ಖಾನೆಯ ಸಂಬಳದ ಲೆಕ್ಕ ತೆರೆಯುವಾಗಲೋ, ಶ್ರೀನಿವಾಸಪುರದ ಮಾವಿನ ಮಂಡಿಯ ಹಳೆಯ ಬಾಕಿ ನೋಡುವಾಗಲೋ ಅದೇ ಸೂಚನೆ ಮೂಡಿದರೆ ಅದು ನಕ್ಕು ಮರೆಯುವ ಸಂಗತಿಯಲ್ಲ.

ಕಾರಣ ಸರಳವಾದುದು. ಡಾಸ್ ಕಾಲದ ತಂತ್ರಾಂಶಗಳು 16 ಬಿಟ್‌ನವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ 32 ಬಿಟ್ ಆವೃತ್ತಿಯಲ್ಲಿ ಅವುಗಳಿಗೆಂದೇ ಒಂದು ಏರ್ಪಾಡು ಇತ್ತು. 64 ಬಿಟ್ ಆವೃತ್ತಿಗಳಲ್ಲಿ ಅದನ್ನು ಕೈಬಿಡಲಾಯಿತು. 2021ರ ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಯಂತ್ರ ಬದಲಾಯಿಸುವ ಪ್ರಸಂಗ ಈಗ ಅನೇಕ ಅಂಗಡಿ, ಕಾರ್ಖಾನೆಗಳಿಗೆ ಒದಗಿದೆ. ಹಳೆಯ ಯಂತ್ರ ಗುಜರಿಗೆ ಹೋದ ಮರುದಿನ ಅದರೊಳಗಿದ್ದ ಲೆಕ್ಕ ನೆನಪಾದರೆ ಪ್ರಯೋಜನವಿಲ್ಲ.

ಈ ತೊಡಕಿಗೆ ಮೊದಲು ಪರಿಹಾರ ಹುಡುಕಿದವರಲ್ಲಿ ಆಟಪ್ರಿಯರು ಪ್ರಮುಖರೆಂಬುದು ಗಮನಾರ್ಹ. 2002ರಲ್ಲಿ ಹೊರಬಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ಅನುಕರಿಸಿ ತೋರುತ್ತದೆ. ಹಳೆಯ ಕೆಲವು ಆಟಗಳು ಯಂತ್ರದ ವೇಗವನ್ನೇ ಅನುಸರಿಸಿ ನಡೆಯುತ್ತಿದ್ದುದರಿಂದ ಹೊಸ ಯಂತ್ರದಲ್ಲಿ ಹಿಡಿತಕ್ಕೆ ಸಿಗದಂತೆ ಓಡುತ್ತವೆ. ಇಲ್ಲಿ ಆ ವೇಗವನ್ನೂ ತಗ್ಗಿಸಬಹುದು. ಡಾಸ್‌ನಲ್ಲಿ ಬರೆಸಿದ ಲೆಕ್ಕದ ತಂತ್ರಾಂಶವನ್ನೂ ಬಹುಮಟ್ಟಿಗೆ ಇದೇ ರೀತಿ ತೆರೆದು ನೋಡಬಹುದು. ವಿಂಡೋಸ್ ಕಾಲದ ತಂತ್ರಾಂಶವಾದರೆ ಅದರ ‘ಪ್ರಾಪರ್ಟೀಸ್’ನಲ್ಲಿರುವ ‘ಕಂಪ್ಯಾಟಿಬಿಲಿಟಿ’ ಆಯ್ಕೆಯನ್ನು ಮೊದಲು ಪರೀಕ್ಷಿಸುವುದು ಒಳಿತು. ಫಾಕ್ಸ್‌ಪ್ರೋದಲ್ಲಿ ಬರೆಸಿದ ಲೆಕ್ಕಗಳಿಗೆ ಇನ್ನೂ ಸುಲಭವಾದ ದಾರಿಯಿದೆ: ಅವುಗಳ ಡಿಬಿಎಫ್ ಕಡತಗಳನ್ನು ಸಾಮಾನ್ಯವಾಗಿ ಎಕ್ಸೆಲ್ ಅಥವಾ ಉಚಿತವಾದ ಲಿಬ್ರೆಆಫೀಸ್‌ನಲ್ಲಿಯೇ ತೆರೆಯಬಹುದು.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಡಾಸ್‌ಬಾಕ್ಸ್ ಆಟಗಳಿಗಾಗಿ ರಚಿತವಾದುದು. ಮುದ್ರಣಕ್ಕೂ, ಹಲವರು ಒಂದೇ ಕಡತದಲ್ಲಿ ಕೆಲಸ ಮಾಡುವುದಕ್ಕೂ ಅದನ್ನು ನಂಬುವಂತಿಲ್ಲ. ಅದು ಹಳೆಯದನ್ನು ಓದುವ ಕನ್ನಡಕವೇ ಹೊರತು ಇಂದಿನ ವ್ಯವಹಾರ ಬರೆಯುವ ಲೇಖನಿಯಲ್ಲ. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳು, ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ ತಂತ್ರಾಂಶದಲ್ಲಿಯೇ ಗಣಕೀಕೃತ ಲೆಕ್ಕ ಇಡಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಚಾಲ್ತಿ ಲೆಕ್ಕಕ್ಕೆ ಹೊಸ ತಂತ್ರಾಂಶವೇ ಯೋಗ್ಯ.

ಹಾಗಿದ್ದರೆ ಹಳೆಯದನ್ನು ಉಳಿಸುವುದೇಕೆ ಎಂಬ ಪ್ರಶ್ನೆ ಸಹಜ. ಜಿ.ಎಸ್.ಟಿ. ಕಾಯಿದೆಯು ಸಾಮಾನ್ಯವಾಗಿ ವಾರ್ಷಿಕ ವಿವರಪತ್ರದ ಕೊನೆಯ ದಿನದಿಂದ 72 ತಿಂಗಳು, ಕಂಪನಿ ಕಾಯಿದೆಯು 8 ಆರ್ಥಿಕ ವರ್ಷ ಲೆಕ್ಕಪುಸ್ತಕಗಳನ್ನು ಕಾಪಾಡಬೇಕೆನ್ನುತ್ತವೆ. ಈ ಅವಧಿಯೊಳಗಿನ ಲೆಕ್ಕ ತೆರೆಯದಿದ್ದರೆ ತೊಂದರೆ ಅಧಿಕಾರಿಗಳ ಮುಂದೆ. ಅವಧಿ ಮೀರಿದ ಲೆಕ್ಕದ ಅಗತ್ಯ ಬೀಳುವುದು ಮನೆಯೊಳಗೆ: ಪಾಲುದಾರಿಕೆ ಬಿಡುವಾಗ, ಅಣ್ಣತಮ್ಮಂದಿರು ವ್ಯಾಪಾರ ಹಂಚಿಕೊಳ್ಳುವಾಗ, ಹಳೆಯ ಕಾರ್ಮಿಕರ ಸೇವಾವಧಿ ಲೆಕ್ಕ ಹಾಕುವಾಗ. ಕೆಂಪು ಬಟ್ಟೆಯ ಕಟ್ಟಿನ ಖಾತೆಪುಸ್ತಕವನ್ನು ಐವತ್ತು ವರ್ಷಗಳ ನಂತರವೂ ಬಿಚ್ಚಿ ಓದಬಹುದಿತ್ತು. ಗಣಕಯಂತ್ರದ ಖಾತೆಗೆ ಆ ಗುಣ ತಾನಾಗಿ ಬರುವುದಿಲ್ಲ.

ಆದುದರಿಂದ ಯಂತ್ರ ಬದಲಾಯಿಸುವ ಮುನ್ನ ವರ್ತಕರು ಮೂರು ಕೆಲಸಗಳನ್ನು ಮಾಡುವುದು ಕ್ಷೇಮ. ಪ್ರತಿ ವರ್ಷದ ಖಾತೆಯನ್ನೂ ಮುದ್ರಿಸಿ ಅಥವಾ ಪಿ.ಡಿ.ಎಫ್. ಆಗಿ ಇಡುವುದು, ಮೂಲ ತಂತ್ರಾಂಶದ ತಟ್ಟೆಗಳನ್ನೂ ಪರವಾನಗಿ ಸಂಖ್ಯೆಯನ್ನೂ ದತ್ತಾಂಶದೊಡನೆ ಎರಡು ಕಡೆ ಕಾಪಾಡುವುದು, ಹಳೆಯ ಕಡತಗಳು ಹೊಸ ಯಂತ್ರದಲ್ಲಿ ತೆರೆಯುವುದನ್ನು ಕಣ್ಣಾರೆ ಕಂಡ ಬಳಿಕವೇ ಹಳೆಯ ಯಂತ್ರವನ್ನು ಬಿಟ್ಟುಕೊಡುವುದು. ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ನಡೆಯದ ತಂತ್ರಾಂಶಗಳ ವಿಷಯದಲ್ಲಿ ಈ ಮೂರನೆಯದು ವಿಶೇಷವಾಗಿ ಮುಖ್ಯ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಕಿಂಡಿಯೇ ಇರುವುದಿಲ್ಲ.

ಎಲ್ಲರಿಗೂ ಇದು ಒಬ್ಬೊಬ್ಬರೇ ಮಾಡಿಕೊಳ್ಳಬಹುದಾದ ಕೆಲಸವಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರಗಳ ವರ್ತಕ ಸಂಘಗಳು ಫ್ಲಾಪಿ ಡ್ರೈವ್ ಸಹಿತ ಹಳೆಯ ಯಂತ್ರವೊಂದನ್ನು ಸುಸ್ಥಿತಿಯಲ್ಲಿರಿಸಿ, ಬಲ್ಲ ಯುವಕರೊಬ್ಬರನ್ನು ತಿಂಗಳಿಗೊಂದು ದಿನ ನಿಯೋಜಿಸಿದರೂ ಸಾಕು. ಅದರ ವೆಚ್ಚ ಅಲ್ಪ. ಮನರಂಜನೆಗಾಗಿ ಆಟಪ್ರಿಯರು ಇಷ್ಟು ಶ್ರಮಿಸಿರುವಾಗ, ಒಂದು ತಲೆಮಾರಿನ ದುಡಿಮೆಯ ಲೆಕ್ಕಕ್ಕಾಗಿ ವರ್ತಕ ಸಮುದಾಯ ಅಷ್ಟಾದರೂ ಶ್ರಮಿಸಬೇಕಲ್ಲವೇ?