ಕಡಿಮೆ ದರದ ಟೆಂಡರಿಗೆ ಬೆಲೆ ತೆರುವವರು ಯಾರು?

ಸರ್ಕಾರಿ ಕಾಮಗಾರಿಯ ಟೆಂಡರ್ ಸಾಮಾನ್ಯವಾಗಿ ಯಾರ ಪಾಲಾಗುತ್ತದೆ? ಅರ್ಹರ ಪೈಕಿ ಅತಿ ಕಡಿಮೆ ದರ ನಮೂದಿಸಿದವರ ಪಾಲು. ಸಿಮೆಂಟ್, ಕಬ್ಬಿಣದ ಬೆಲೆ ಎಲ್ಲ ಗುತ್ತಿಗೆದಾರರಿಗೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ದರ ಇಳಿಸಲು ಸುಲಭವಾಗಿ ಕತ್ತರಿ ಬೀಳುವುದು ಎಲ್ಲಿಗೆ? ಒಂದೋ ಗುಣಮಟ್ಟಕ್ಕೆ, ಇಲ್ಲವೇ ಕೂಲಿಗೆ.

ಇದು ಹೊಸ ಕಥೆಯಲ್ಲ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಿದ ಕಾರ್ಮಿಕರಿಗೆ ದಿನಕ್ಕೆ 9.25 ರೂಪಾಯಿ ಕನಿಷ್ಠ ಕೂಲಿ ನಿಗದಿಯಾಗಿತ್ತು. ಹಣ ಹೋಗುತ್ತಿದ್ದುದು ಜಮಾದಾರರ ಕೈಗೆ. ಅವರು ತಲೆಗೆ 1 ರೂಪಾಯಿ ಕಮಿಷನ್ ಮುರಿದುಕೊಂಡು 8.25 ರೂಪಾಯಿ ಕೊಡುತ್ತಿದ್ದರು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಎರಡು ವಿಷಯ ಸ್ಪಷ್ಟಪಡಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ.

ಆಮೇಲೆ 1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾಯ್ದೆ ಬಂತು. ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ನಮ್ಮ ರಾಜ್ಯದ ಕಲ್ಯಾಣ ಮಂಡಳಿಗೆ ಸೇರುತ್ತಿದೆ. ಅಂದರೆ ಕಾನೂನಿಗೆ ಬರವಿಲ್ಲ. ಸೈಟಿನಲ್ಲಿ ನಿಂತು ಕೇಳುವವರಿಗೆ ಬರ. ಊರು ಬಿಟ್ಟು ಬಂದ ಕಾರ್ಮಿಕ ಒಬ್ಬನೇ ಮೇಸ್ತ್ರಿಯನ್ನು ಪ್ರಶ್ನಿಸಿದರೆ ಮರುದಿನ ಕೆಲಸ ಸಿಗುವ ಖಾತ್ರಿ ಇಲ್ಲ. ಸಂಘ ಬೇಕಾಗುವುದು ಇಲ್ಲೇ.

ಆದ್ದರಿಂದ ಟೆಂಡರ್ ಷರತ್ತಿನಲ್ಲೇ ಮೂರು ಅಂಶ ಸೇರಲಿ. ಕೂಲಿ ನೇರವಾಗಿ ಕಾರ್ಮಿಕರ ಬ್ಯಾಂಕ್ ಖಾತೆಗೆ ಜಮೆಯಾಗಲಿ. ಕೂಲಿ ದರದ ಫಲಕ ಕಾರ್ಮಿಕರ ಭಾಷೆಯಲ್ಲಿ ಸೈಟಿನಲ್ಲಿರಲಿ. ಹಾಜರಿ ಪುಸ್ತಕಕ್ಕೆ ಕಾರ್ಮಿಕರ ಪ್ರತಿನಿಧಿಯ ಸಹಿ ಬೀಳದೆ ಗುತ್ತಿಗೆದಾರರ ಬಿಲ್ ಪಾಸಾಗದಿರಲಿ.

ಸಂಘ ಬಂದರೆ ಮುಷ್ಕರ, ವಿಳಂಬ ಎಂಬ ಆಕ್ಷೇಪ ಇದೆ. ಅಮೆರಿಕದಲ್ಲಿ 2022ರ ಅಧ್ಯಕ್ಷೀಯ ಆದೇಶವೊಂದು 3.5 ಕೋಟಿ ಡಾಲರ್ ಹಾಗೂ ಅದಕ್ಕೂ ಹೆಚ್ಚಿನ ಫೆಡರಲ್ ನಿರ್ಮಾಣ ಕಾಮಗಾರಿಗಳಿಗೆ ಸಾಮಾನ್ಯವಾಗಿ ಕಾರ್ಮಿಕ ಸಂಘಗಳ ಜತೆ ಒಪ್ಪಂದ ಇರಬೇಕೆಂದಿತು. ಆ ಒಪ್ಪಂದದಲ್ಲಿ ಮುಷ್ಕರ ಹೂಡುವುದಿಲ್ಲ ಎಂಬ ಷರತ್ತೂ ಇರಬೇಕು. ಮೊದಲೇ ಕೂತು ಮಾತಾಡಿಕೊಂಡರೆ ನಡುವೆ ಕೆಲಸ ನಿಲ್ಲುವ ಭಯ ಕಡಿಮೆ. ಇನ್ನು ಸಂಘದ ಹೆಸರಲ್ಲಿ ವಸೂಲಿ ಮಾಡುವವರು ಹುಟ್ಟಿಕೊಳ್ಳುವ ಅಪಾಯ ಇಲ್ಲವೆನ್ನಲಾಗದು. ಅದಕ್ಕೇ ಪ್ರತಿನಿಧಿಯನ್ನು ಸೈಟಿನ ಕಾರ್ಮಿಕರೇ ಗುಪ್ತ ಮತದಾನದಿಂದ ಆರಿಸಲಿ.

ಸಿವಿಲ್ ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರೇ, ನಾಳೆ ಆ ಹಾಜರಿ ಪುಸ್ತಕ ನಮ್ಮ ಕೈಗೇ ಬರುತ್ತದೆ. ಕಾಂಕ್ರೀಟಿನ ಬಲ ಪರೀಕ್ಷಿಸಲು ಕಲಿತಿದ್ದೇವೆ. ಅದನ್ನು ಹೊತ್ತು ಸುರಿದವರಿಗೆ ಪೂರ್ತಿ ಕೂಲಿ ಸಿಕ್ಕಿತೇ ಎಂದು ಪರಿಶೀಲಿಸುವುದೂ ನಮ್ಮ ಕೆಲಸವೇ.