ಒದರೋರ ಪಾಳಿ ಮೊದಲು

ಕಳೆದ ವರ್ಷ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ರಾತ್ರಿ ಒಂದೂವರೆ ಹೊತ್ತಿಗೆ ಸಲೈನ್ ಮುಗಿಯುತ್ತ ಬಂದಿತ್ತು. 'ಸಿಸ್ಟರ್, ಎಷ್ಟ್ ಸಲ ಕರೀಬೇಕ್ರೀ? ಗಾಳಿ ಒಳಗ ಹೋದ್ರ ಯಾರು ಹೊಣಿ?' ಅಂತ ವಾರ್ಡೆಲ್ಲ ಕೇಳುವಂಗ ಒದರಿದೆ. ಅವರು ಮೂಲೆಯ ಮಂಚದ ಅಜ್ಜನ ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕ್ತಿದ್ದರು. ಅಜ್ಜನಿಂದ ಸದ್ದೇ ಇಲ್ಲ. ಕುಂತಲ್ಲೇ ಭುಜ ಎತ್ತಿ ಎತ್ತಿ ಉಸಿರು ಎಳೀತಿದ್ದ. ಸಿಸ್ಟರ್ ಅವನನ್ನು ಬಿಟ್ಟು ನಮ್ಮ ಕಡೆ ಓಡಿ ಬಂದು ಬಾಟಲಿ ಬದಲಿಸಿದರು. ನಾನು ಗೆದ್ದ ಖುಷಿಯಲ್ಲಿ ಮಲಗಿದೆ. ಬೆಳಗ್ಗೆ ಅಜ್ಜನನ್ನು ಹುಬ್ಬಳ್ಳಿಗೆ ಒಯ್ದಿದ್ದರು. ಮುಂದೆ ಏನಾಯ್ತು ಅಂತ ನಾನು ವಿಚಾರಿಸಲೂ ಇಲ್ಲ.

ದೀಪಾವಳಿಗೆ ಬ್ಯಾಡಗಿಗೆ ಹೋದೆ. ಹಾವೇರಿಯಲ್ಲಿ ನರ್ಸಿಂಗ್ ಮುಗಿಸಿರೋ ಚಿಕ್ಕಪ್ಪನ ಮಗಳು ಏಮ್ಸ್‌ನವರ ನಾರ್‌ಸೆಟ್ ಪರೀಕ್ಷೆಗೆ ಓದ್ತಿದ್ದಾಳೆ. 'ಅಣ್ಣಾ, ಇದಕ್ಕ ಉತ್ತರ ಹೇಳು ನೋಡೂಣು' ಅಂದಳು. ನಾಲ್ಕು ರೋಗಿಗಳು, ಒಬ್ಬಳೇ ನರ್ಸ್, ಮೊದಲು ಯಾರ ಹತ್ತಿರ ಹೋಗಬೇಕು? ಒಬ್ಬ ನೋವು ಅಂತ ಕೂಗ್ತಿದ್ದಾನೆ. ಒಬ್ಬನ ಸಲೈನ್ ಮುಗಿದಿದೆ. ಒಬ್ಬ ಡಿಸ್ಚಾರ್ಜ್ ಚೀಟಿಗೆ ಕಾಯ್ತಿದ್ದಾನೆ. ಇನ್ನೊಬ್ಬಾಕೆಗೆ ಬೆಳಗ್ಗೆ ಥೈರಾಯ್ಡ್ ಆಪರೇಷನ್ ಆಗಿದೆ, ಕುತ್ತಿಗೆ ಬಿಗಿ ಆಗ್ತಿದೆ ಅಂತ ಮೆಲ್ಲಗೆ ಹೇಳ್ತಿದ್ದಾಳೆ.

ನಾನು ಸಲೈನ್ ಅಂದೆ.

'ನೀ ಫೇಲ್. ಆಕಿ ಕುತ್ತಿಗ್ಯಾಗ ರಕ್ತ ಕೂಡಿದ್ರ ಉಸರಿನ ದಾರೀನ ಒತ್ತಿ ಹಿಡೀತೈತಿ, ನಿಮಿಷದಾಗ ಹೋಗ್ತಾಳ. ಒದರಾವಂಗ ಒದರಾಕ ಉಸರರ ಐತಲ್ಲ?'

ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗಾಯ್ತು. ಬ್ಯಾಡಗಿ ಮೆಣಸಿನಕಾಯಿ ಘಾಟು ಅಂತೂ ಅಲ್ಲ.

ಪರೀಕ್ಷೆ ತಪ್ಪಲ್ಲ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಸಂಚಾರ. ಆಪರೇಷನ್ ಆದವರಿಗೆ ನೋವು ಇರೋದೇ, ಹೊಸದಾಗಿ ಏನು ಕೆಟ್ಟಿತು ಅಂತ ನೋಡಬೇಕು. ಅಮೆರಿಕದ ಎನ್‌ಕ್ಲೆಕ್ಸ್ ಕೂಡ ಇದನ್ನೇ ಕೇಳುತ್ತೆ. 2023ರ ಏಪ್ರಿಲ್‌ನಿಂದ ಅದರಲ್ಲಿ ಒಬ್ಬ ರೋಗಿಯ ಸ್ಥಿತಿ ಹೆಜ್ಜೆ ಹೆಜ್ಜೆಗೆ ಬದಲಾಗೋ ಪ್ರಕರಣ ಕೊಟ್ಟು ಪ್ರಶ್ನೆ ಹಾಕ್ತಾರೆ. ಇಷ್ಟೆಲ್ಲ ಕಲಿತು ವಾರ್ಡಿಗೆ ಬಂದ ಹುಡುಗಿ ಎದುರು ನಮ್ಮಂಥವರು ನಿಂತಿರ್ತೀವಿ, ಕೈಯಲ್ಲಿ ಎಮ್ಮೆಲ್ಲೆ ಪಿಎ ನಂಬರ್, ಬಾಯಲ್ಲಿ ಒಂದು ಸ್ಟಾರ್ ರಿವ್ಯೂ ಹಾಕೋ ಬೆದರಿಕೆ. ಸರಿ ಉತ್ತರ ಆಕೆಗೆ ಗೊತ್ತು. ತಪ್ಪು ಉತ್ತರಕ್ಕೆ ಟಿಕ್ ಹಾಕಿಸೋರು ನಾವು.

ಆಫೀಸಲ್ಲಿ ಮಾತ್ರ ನಾವು ಬಲು ಶಾಣ್ಯಾರು. ಪಿ-ಒನ್, ಪಿ-ಟು ಅಂತ ಟಿಕೆಟ್ ವಿಂಗಡಿಸ್ತೀವಿ. ಸರ್ವರ್ ಬಿದ್ದಿರುವಾಗ ಬಟನ್ ಬಣ್ಣ ಸರಿ ಇಲ್ಲ ಅಂತ ಫೋನ್ ಮಾಡೋ ಮ್ಯಾನೇಜರನ್ನ ವಾರವಿಡೀ ಆಡಿಕೊಳ್ತೀವಿ. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ನಾವೇ ಆ ಮ್ಯಾನೇಜರು.

'ಒದರದಿದ್ರೆ ಯಾರೂ ಬರಲ್ಲ ಗುರು' ಅಂತೀರಾ? ನಿಜ. ಯಾಕೆ ಬರಲ್ಲ ಅಂತ ಲೆಕ್ಕ ಹಾಕಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್ ಬೇಕು, ರಜೆಗೆ ಅಂತ ಅದರ ಮೇಲೆ ಶೇ. 30. ಮೂರು ಪಾಳಿಗೆ ಹಂಚಿದರೂ ಒಬ್ಬರಿಗೆ ಬರೋದು ಸುಮಾರು 15 ಹಾಸಿಗೆ. ಆ ರಾತ್ರಿ ನಾನು ಎಣಿಸಿದ್ದು 34 ಮಂಚ, ಒಬ್ಬರೇ ಸಿಸ್ಟರ್. ಪರೀಕ್ಷೆಯಲ್ಲಿ ನಾಲ್ವರ ಪೈಕಿ ಒಬ್ಬರನ್ನ ಆರಿಸಬೇಕು, ಇಲ್ಲಿ 34 ಜನರ ಪೈಕಿ. ಉಳಿಸಿದ ಸಂಬಳ ಯಾರ ಜೇಬಿಗೆ ಹೋಯ್ತೋ ಅವರ ಚೇಂಬರಿಗೆ ಹೋಗಿ ಒದರೋ ಧೈರ್ಯ ನನಗೆ ಇರಲಿಲ್ಲ. ಅಲ್ಲಿ ಎಸಿ ಇತ್ತು, ಕುರ್ಚಿ ಇತ್ತು, 'ಬರ್ರಿ ಸರ್' ಅನ್ನೋ ಮರ್ಯಾದೆ ಇತ್ತು. ಬಿಲ್ ಕಟ್ಟಿ ಥ್ಯಾಂಕ್ಸ್ ಹೇಳಿ ಬಂದೆ.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಆ ಆಸ್ಪತ್ರೆಗೆ ಒಂದು ಪತ್ರ ಹಾಕಿದೆ. ಒಂದೇ ಪ್ರಶ್ನೆ: ರಾತ್ರಿ ಪಾಳಿಗೆ ನಿಮ್ಮಲ್ಲಿ ಎಷ್ಟು ಜನ ನರ್ಸ್ ಇರ್ತಾರೆ? ಮೂರು ವಾರ ಆಯ್ತು. ಆಪರೇಷನ್ ಹೆಂಗಾಯ್ತು, ರೇಟಿಂಗ್ ಕೊಡಿ ಅಂತ ಮೆಸೇಜ್ ಬಂದಿದೆ. ಪತ್ರಕ್ಕೆ ಉತ್ತರ ಬಂದಿಲ್ಲ.